ಅಡುಗೆಮನೆ ತಕ್ಕಡಿ: ಒಂದೂವರೆ ವರ್ಷ ಹಿಟ್ಟು, ಉಪ್ಪು ತೂಗಿದ ಮೇಲೆ

ಮಂಡ್ಯದ ನಮ್ಮ ಮನೆಯಲ್ಲಿ ಇರುವುದು ಮೂರೇ ಜನ, ಆದರೆ ಮೂವರಿಗೂ ಬೇಕಾದ ಊಟ ಬೇರೆ ಬೇರೆ. ನನ್ನ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ. ಯಜಮಾನರು ದಿನಾ ಗದ್ದೆಗೆ ಹೋಗುವವರು, ಅವರಿಗೆ ಹೊಟ್ಟೆ ತುಂಬ ಬೇಕು. ಅತ್ತೆಗೆ ಎಪ್ಪತ್ತು ದಾಟಿದೆ, ತೂಕ ಇಳಿಯುತ್ತಿತ್ತು. ದಿನಾ ಮೂರು ಥರ ಅಡುಗೆ ಯಾರ ಕೈಲಾಗುತ್ತದೆ? ಒಂದೇ ಪಾತ್ರೆ, ಮೂರು ಅಳತೆ ಅಂತ ತೀರ್ಮಾನ ಮಾಡಿ ಐದು ಕೆಜಿವರೆಗೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ತರಿಸಿದೆ.

ಮೊದಲ ವಾರ ಬೆಂದ ಮುದ್ದೆಯನ್ನೇ ತೂಗಲು ಹೋದೆ. "ಉಣ್ಣೋ ಹಿಟ್ಟ ತೂಗಬಾರ್ದು ಕಣವ್ವ" ಅಂತ ಅತ್ತೆ ನೊಂದುಕೊಂಡರು. ಆಮೇಲೆ ಯೋಚಿಸಿದರೆ ಹಾಗೆ ತೂಗಿ ಪ್ರಯೋಜನವೂ ಇಲ್ಲ. ಒಂದು ದಿನ ಎಸರು ಜಾಸ್ತಿ, ಒಂದು ದಿನ ಕಮ್ಮಿ, ಲೆಕ್ಕ ಎಲ್ಲಿ ಸಿಗುತ್ತದೆ? ಅವತ್ತಿನಿಂದ ಒಲೆಗೆ ಹೋಗುವ ಮುಂಚೆ ಹಿಟ್ಟು, ಅಕ್ಕಿ, ಒಣ ಕಾಳು ಮಾತ್ರ ತೂಗುತ್ತೇನೆ.

ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕು, ಸಕ್ಕರೆ ಇಳಿಯುತ್ತದೆ ಅಂತ ನಂಬಿ ರಾತ್ರಿ ಎರಡು ದೊಡ್ಡ ಮುದ್ದೆ ತಿನ್ನುತ್ತಿದ್ದೆ. ತೂಗಿ ನೋಡಿದರೆ ಅದು 180 ಗ್ರಾಂ ಹಿಟ್ಟು! 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಕ್ಕಿಯಲ್ಲಿ ಸುಮಾರು 350, ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ ನಿಜ, ಆದರೆ ಅಳತೆ ಮೀರಿದರೆ ಅದೂ ಸಕ್ಕರೆ ಏರಿಸುತ್ತದೆ. ಈಗ ನನಗೆ 70 ಗ್ರಾಂ ಹಿಟ್ಟಿನ ಒಂದು ಮುದ್ದೆ, ಜೊತೆಗೆ ಬಸ್ಸಾರು, ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆ ತುಂಬ. ಯಜಮಾನರಿಗೆ ಅದೇ ಪಾತ್ರೆಯಿಂದ ಎರಡು ದೊಡ್ಡ ಮುದ್ದೆ. ಅತ್ತೆಗೆ ಮೆತ್ತಗಿನ ಚಿಕ್ಕ ಮುದ್ದೆ, ಮೇಲೆ ತುಪ್ಪ, ಕಾಳು ಜಾಸ್ತಿ. ಅವರು ಮೊಟ್ಟೆ ಮುಟ್ಟುವುದಿಲ್ಲ, 30 ಗ್ರಾಂ ಒಣ ಹುರುಳಿಕಾಳಿನಲ್ಲಿ ಹೆಚ್ಚು ಕಮ್ಮಿ ಒಂದು ಮೊಟ್ಟೆಯಷ್ಟು ಪ್ರೋಟೀನ್ ಸಿಗುತ್ತದೆ ಅಂತ ತಿಳಿದಾಗ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ!

ಉಪ್ಪಿನ ಲೆಕ್ಕ ಮಾತ್ರ ಹೆದರಿಸಿತು. ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು. ನಮ್ಮಲ್ಲಿ ಒಂದು ಕೆಜಿ ಪ್ಯಾಕೆಟ್ ತಿಂಗಳಿಗೆ ಖಾಲಿ, ಅಂದರೆ ಒಬ್ಬೊಬ್ಬರಿಗೆ 11 ಗ್ರಾಂ, ಉಪ್ಪಿನಕಾಯಿ ಬೇರೆ. ಈಗ ಪ್ಯಾಕೆಟ್ ಎರಡು ತಿಂಗಳು ಬರುತ್ತದೆ.

ತಕ್ಕಡಿಯಲ್ಲಿ ತೊಂದರೆಗಳೂ ಇವೆ. ಎರಡು ನಿಮಿಷ ಸುಮ್ನೆ ಬಿಟ್ಟರೆ ತಾನಾಗಿ ಆಫ್ ಆಗುತ್ತದೆ, ಸೊಪ್ಪು ಬಿಡಿಸುತ್ತಾ ಕೂತಿದ್ದರೆ ಮತ್ತೆ ಮೊದಲಿಂದ ಶುರು. ಅಗಲದ ತಟ್ಟೆ ಇಟ್ಟರೆ ಅಂಕಿ ಕಾಣುವುದಿಲ್ಲ. ಎರಡು ಮೂರು ಗ್ರಾಂ ಹಾಕಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಉಪ್ಪನ್ನು ದಿನಾ ತೂಗಬೇಡಿ, ವಾರಕ್ಕೊಮ್ಮೆ ಜಾಡಿಯನ್ನೇ ಇಟ್ಟು ನೋಡಿ.

ವರ್ಷದ ಮೇಲೆ ನನ್ನ ಎಚ್‌ಬಿಎ1ಸಿ 5.8 ಬಂತು. ದಿನಾ ಸಂಜೆ ಮುಕ್ಕಾಲು ಗಂಟೆ ನಡೆಯುತ್ತಿದ್ದೆ, ಅದರ ಪಾಲೂ ಇದೆ. ಸಕ್ಕರೆಗೆ ಮಾತ್ರೆ ತಗೊಳ್ಳುವವರು ಊಟ ಕಮ್ಮಿ ಮಾಡುವ ಮುಂಚೆ ದಯವಿಟ್ಟು ಡಾಕ್ಟರನ್ನು ಕೇಳಿ.

ಈಗ ದಿನಾ ತೂಗುವುದಿಲ್ಲ. ಸ್ಟೀಲ್ ಲೋಟಕ್ಕೆ 70 ಗ್ರಾಂ ಹಿಟ್ಟು ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಹಾಕಿಕೊಂಡಿದ್ದೇನೆ. ಮಿಲ್ಲಿನಿಂದ ಹೊಸ ಹಿಟ್ಟು ಬಂದ ದಿನ ತಕ್ಕಡಿ ಇಳಿಸುತ್ತೇನೆ. ತರಿ ಇದ್ದರೆ ಗೆರೆ ಸ್ವಲ್ಪ ಸರಿಯುತ್ತದೆ.