ಆಪ್, ಸೋಶಿಯಲ್ ಮೀಡಿಯಾ, ಅಪಾರ್ಟ್‌ಮೆಂಟ್ ಗ್ರೂಪ್: ಹಳೇ ಸಾಮಾನು ಮೂರು ಕಡೆ ಹಾಕಿ ನೋಡಿದೆ

ವಿಜಯನಗರದ ಬಾಡಿಗೆ ಮನೆ ಬಿಟ್ಟು ಕೆಂಗೇರಿ ಹತ್ರ ಅಪಾರ್ಟ್‌ಮೆಂಟಿಗೆ ಬಂದ್ವಿ, ಮನೆ ಚಿಕ್ಕದು ಆದ್ರೆ ಸಾಮಾನು ಹನ್ನೊಂದು ವರ್ಷದ್ದು. ಅಮ್ಮನ ತೇಗದ ಮಂಚ, ಫ್ರಿಡ್ಜು, 2 ಲೀಟರಿನ ಟಿಲ್ಟಿಂಗ್ ಗ್ರೈಂಡರ್, ಮಗನ ಗೇರ್ ಸೈಕಲ್ಲು, ನನ್ನ ಆಕ್ಟಿವಾ. ಗುಜರಿಯವ್ರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ, ಅದಕ್ಕೆ ಒಂದು ಕ್ಲಾಸಿಫೈಡ್ ಆಪ್, ಒಂದು ಸೋಶಿಯಲ್ ಮೀಡಿಯಾ ಮಾರ್ಕೆಟ್ಟು, ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು, ಮೂರರಲ್ಲೂ ಒಂದೇ ಫೋಟೋ ಒಂದೇ ರೇಟು ಹಾಕಿದೆ.

ಗಾಡಿಗೆ ಮಾತ್ರ ಆಪೇ ಸರಿ ಅಂತ ಖಂಡಿತ ಹೇಳ್ತೀನಿ. ಹಾಕಿದ ಒಂದು ಗಂಟೆಯೊಳಗೆ 17 ಕಾಲ್, ಅರ್ಧಕ್ಕರ್ಧ ಡೀಲರ್‌ಗಳು, ಗಾಡಿ ನೋಡದೇನೆ "ಲಾಸ್ಟ್ ಎಷ್ಟು ಹೇಳಿ ಅಣ್ಣ" ಅಂತಾರೆ, ಉಳಿದವ್ರಲ್ಲಿ ನಿಜವಾಗಿ ಗಾಡಿ ಬೇಕಾದವ್ರು ಇಬ್ಬರೋ ಮೂವರೋ. ಮಾಗಡಿ ಕಡೆಯಿಂದ ಒಬ್ಬ ಹುಡುಗ ಮೆಕ್ಯಾನಿಕ್ಕನ್ನೇ ಕರ್ಕೊಂಡು ಬಂದ, ಇಂಜಿನ್ ತಣ್ಣಗಿದ್ದಾಗಲೇ ಕಿಕ್ ಹೊಡೆದು ನೋಡಿದ, ಫೋನಲ್ಲಿ ಗಾಡಿ ನಂಬರ್ ಹಾಕಿ ಲೋನ್ ಬಾಕಿ ಇದ್ಯಾ, ಟ್ರಾಫಿಕ್ ಫೈನ್ ಇದ್ಯಾ ಅಂತ ಚೆಕ್ ಮಾಡಿದ. ಹೆಲ್ಮೆಟ್ ಕೇಸು 500 ರೂಪಾಯಿದು ಎರಡು ಇತ್ತು, ನಂಗೇ ಗೊತ್ತಿರ್ಲಿಲ್ಲ, ಅಲ್ಲೇ ಕಟ್ಟಿದೆ. ಗಾಡಿ ಮಾರಿದ್ದನ್ನ ತಿಳಿಸೋ ಫಾರಂ 29, ಹೆಸರು ಬದಲಾಯಿಸೋಕೆ ಅರ್ಜಿ ಹಾಕೋ ಫಾರಂ 30, ಎರಡಕ್ಕೂ ಸೈನ್ ಹಾಕಿದ್ವಿ. ಒಂದೇ ರಾಜ್ಯ ಆದ್ರೆ ಮಾರಿದವ್ರು 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಕೊಂಡವ್ರು 30 ದಿನದೊಳಗೆ ಹೆಸರು ಬದಲಾಯಿಸ್ಕೋಬೇಕು, ಇದನ್ನ ಬಿಡಲೇಬೇಡಿ, ಯಾಕಂದ್ರೆ ನಾಳೆ ಆ ಗಾಡಿ ಎಲ್ಲೋ ಗುದ್ದಿದ್ರೆ ಪೊಲೀಸ್ರು ಬರೋದು ಆರ್‌ಸಿಲಿ ಹೆಸರಿರೋರ ಮನೆ ಬಾಗಿಲಿಗೆ.

ಅದೇ ಆಪಲ್ಲಿ ಫ್ರಿಡ್ಜ್ ಹಾಕಿದಾಗ ಆಗಿದ್ದೇ ಬೇರೆ. ಒಬ್ಬ ಫೋನ್ ಮಾಡಿ ನಾನು ಮಿಲಿಟರಿಲಿ ಇದೀನಿ ಅಂದ, ಐಡಿ ಕಾರ್ಡ್ ಫೋಟೋನೂ ಕಳಿಸಿದ, 9,500ಕ್ಕೆ ಒಂದು ರೂಪಾಯಿನೂ ಚೌಕಾಸಿ ಮಾಡ್ಲಿಲ್ಲ. ನೋಡದೇ ಇರೋ ಫ್ರಿಡ್ಜಿಗೆ ಯಾರ್ರೀ ಹಾಗೆ ಒಪ್ತಾರೆ? ಅನುಮಾನ ಆಗಲೇ ಬರ್ಬೇಕಿತ್ತು. ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ ಮೇಡಂ, ದುಡ್ಡು ಬರುತ್ತೆ" ಅಂತ ನನ್ನ ಹೆಂಡತಿಗೆ ಹೇಳ್ತಿದ್ದ, ಸ್ಕ್ಯಾನ್ ಮಾಡಿದ್ಲು, ಸ್ಕ್ರೀನಲ್ಲಿ ಪೇ 9,500 ಅಂತ ಬಂದು ಪಿನ್ ಕೇಳ್ತು, ಅವಳು ಎರಡು ಅಂಕಿ ಒತ್ತಿಯೂ ಆಗಿತ್ತು, ಪಕ್ಕದಲ್ಲಿದ್ದ ಮಗ ಫೋನ್ ಕಿತ್ಕೊಂಡ. ಪಿನ್ ಹಾಕೋದು ನಮ್ಮ ಅಕೌಂಟಿಂದ ದುಡ್ಡು ಹೋಗೋಕೆ, ಬರೋಕೆ ಪಿನ್ನೂ ಬೇಡ ಸ್ಕ್ಯಾನೂ ಬೇಡ. ದುಡ್ಡು ಹೋಗೇಬಿಟ್ರೆ ಯೋಚನೆ ಮಾಡ್ಕೊಂಡು ಕೂರದೆ ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವತ್ತು ರಾತ್ರಿ ಅವಳಿಗೆ ನಿದ್ದೆ ಬರ್ಲಿಲ್ಲ.

ಸೋಶಿಯಲ್ ಮೀಡಿಯಾದಲ್ಲಿ ಫೋನ್ ಕಾಟ ಕಮ್ಮಿ, ಪ್ರೊಫೈಲ್ ನೋಡಿ ಆಸಾಮಿ ಯಾರು ಅಂತ ಸ್ವಲ್ಪ ಅಂದಾಜು ಸಿಗುತ್ತೆ. ಆದ್ರೆ "ಇದು ಇನ್ನೂ ಇದ್ಯಾ" ಅಂತ ಮೆಸೇಜ್ ಬರುತ್ತೆ, ಇದೆ ಅಂದ್ರೆ ಆಮೇಲೆ ಸದ್ದೇ ಇಲ್ಲ. ಭಾನುವಾರ ಬರ್ತೀವಿ ಅಂದ ಮೂರು ಜನಕ್ಕೆ ಕಾದ್ವಿ, ಒಬ್ರೂ ಬರ್ಲಿಲ್ಲ. ಸೈಕಲ್ಲು ಮಾತ್ರ ಅಲ್ಲೇ ಹೋಯ್ತು, ರಾಜರಾಜೇಶ್ವರಿ ನಗರದಿಂದ ಒಬ್ಬ ಕಾಲೇಜ್ ಹುಡುಗ ಮೆಟ್ರೋದಲ್ಲಿ ಬಂದು, ಚೈನಿಗೆ ಎಣ್ಣೆ ಬಿಟ್ಕೊಂಡು ಮೈಸೂರು ರೋಡಲ್ಲಿ ತುಳ್ಕೊಂಡೇ ಹೋದ, ಮನೆ ಸೇರಿ ಫೋಟೋ ಬೇರೆ ಕಳಿಸಿದ.

ಮಂಚದ ಲೆಕ್ಕ ಕೇಳಿ. ಆಪಲ್ಲಿ ಒಬ್ರು 9,000 ಕೊಡ್ತೀನಿ ಅಂದ್ರು, ಆದ್ರೆ ಹೊಸಕೋಟೆಗೆ ನಾನೇ ಕಳಿಸ್ಬೇಕಂತೆ. ಟೆಂಪೋದವ್ನು 2,800 ಕೇಳಿದ, ಹತ್ತಿಸೋಕೆ ಇಳಿಸೋಕೆ ಕೂಲಿ ಬೇರೆ. ಗ್ರೂಪಲ್ಲಿ ಎರಡನೇ ಫ್ಲೋರಿನ ಅಜ್ಜಿ 6,000ಕ್ಕೆ ಕೇಳಿದ್ರು, ಕೊಟ್ಟೆ. ಲಿಫ್ಟಲ್ಲಿ ಹಿಡಿಸ್ಲಿಲ್ಲ, ಬೋಲ್ಟ್ ಬಿಚ್ಚಿ ನಾವು ನಾಲ್ಕು ಜನ ಮೆಟ್ಟಿಲಲ್ಲೇ ಹೊತ್ತು ಹಾಕಿದ್ವಿ, ಅಜ್ಜಿ ಕಾಫಿ ಕೊಟ್ರು. ಕೈಗೆ ಬರೋ ದುಡ್ಡು ಹೆಚ್ಚುಕಮ್ಮಿ ಅಷ್ಟೇ, ತಲೆನೋವು ಇಲ್ಲ. ಗ್ರೂಪಲ್ಲಿ 96 ಮನೆ ಅಷ್ಟೇ ಇರೋದು, ಬೇಕಾದವ್ರು ಸಿಗದೇ ಹೋಗ್ಬಹುದು, ದಿನಾ ಮುಖ ನೋಡೋರ ಹತ್ರ ರೇಟಿಗೆ ಜಗ್ಗೋಕೂ ಆಗಲ್ಲ, ಆದ್ರೂ ಭಾರದ ಸಾಮಾನಿಗೆ ನಾನಂತೂ ಮೊದಲು ಅಲ್ಲೇ ಹಾಕ್ತೀನಿ. ಫ್ರಿಡ್ಜೂ ಕೊನೆಗೆ ಅಲ್ಲೇ 8,000ಕ್ಕೆ ಹೋಯ್ತು, ಕ್ಯಾಶು. ಅಮ್ಮ ಈಗ ಸಂಜೆ ಅಜ್ಜಿ ಮನೆಗೆ ಹೋಗಿ ಅದೇ ಮಂಚದ ಮೇಲೆ ಕೂತು ಮಾತಾಡಿ ಬರ್ತಾರೆ.

ಗ್ರೈಂಡರ್ ಒಂದು ಉಳಿದಿದೆ, ಮೂರು ಕಡೆನೂ ಯಾರಿಗೂ ಬೇಡ. 2,500 ಇದ್ದಿದ್ದನ್ನ 1,200ಕ್ಕೆ ಇಳಿಸಿದೀನಿ, ಶನಿವಾರ ನಾಗರಬಾವಿಯಿಂದ ಒಬ್ರು ಬಂದು ಹಿಟ್ಟು ರುಬ್ಬಿಯೇ ನೋಡ್ತೀನಿ ಅಂದಿದಾರೆ, ಅಕ್ಕಿ ಉದ್ದು ನೆನೆಸಿಡೋಕೆ ಹೇಳಿದೀನಿ.