ದೇಶ ದಿವಾಳಿಯಾದರೆ ತಪ್ಪು ಯಾರದು? ಉದಾಹರಣೆಗೆ ಶ್ರೀಲಂಕಾವೋ, ಅರ್ಜೆಂಟೀನಾವೋ?

ದಾವಣಗೆರೆಯ ಕಾಲೇಜು ಹುಡುಗ ಹುಡುಗಿಯರೇ, ಈ ವಿಷಯದ ಚರ್ಚಾಸ್ಪರ್ಧೆಗೆ ಯಾವ ದೇಶದ ಉದಾಹರಣೆ ಒಳ್ಳೆಯದು?

ಸರ್ಕಾರದ್ದೇ ತಪ್ಪು ಅಂತ ವಾದಿಸುವವರಿಗೆ ಶ್ರೀಲಂಕಾ. 2019ರ ಕೊನೆಗೆ ಅಲ್ಲಿ ವ್ಯಾಟ್ (ಸರಕು, ಸೇವೆಗಳ ಮೇಲಿನ ತೆರಿಗೆ) ಅನ್ನು ಶೇ. 15ರಿಂದ 8ಕ್ಕೆ ಇಳಿಸಿದರು. ಬೊಕ್ಕಸ ಬರಿದಾಯಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ದಿಢೀರ್ ನಿಲ್ಲಿಸಿದರು. ಹೊತ್ತಿಗೆ ಯೂರಿಯಾ ಸಿಗದಿದ್ದರೆ ಏನಾಗುತ್ತದೆ ಅಂತ ನಮ್ಮ ಮೆಕ್ಕೆಜೋಳದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಅಲ್ಲಿ ಭತ್ತದ ಇಳುವರಿ ಕುಸಿಯಿತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟುವುದೇ ನಿಂತಿತು. ಎದುರಾಳಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ತಯಾರಿರಿ: ಜಾಸ್ತಿ ಬಡ್ಡಿಯ ಆಸೆಗೆ ಬಾಂಡ್ (ಸರ್ಕಾರದ ಸಾಲಪತ್ರ) ಕೊಂಡು ಸಾಲ ಕೊಟ್ಟವರಿಗೆ ಹೊಣೆ ಇಲ್ಲವೇ?

ಸಾಲ ಕೊಟ್ಟವರನ್ನು ಹಿಡಿದು ಕೇಳಬೇಕೆಂದರೆ ಅರ್ಜೆಂಟೀನಾ. 2018ರಲ್ಲಿ ಅದಕ್ಕೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ, ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಸಂಸ್ಥೆ) ಸುಮಾರು 57 ಶತಕೋಟಿ ಡಾಲರ್ ಕೊಡಲು ಒಪ್ಪಿತು. ಐಎಂಎಫ್ ಇತಿಹಾಸದಲ್ಲೇ ಅಷ್ಟು ದೊಡ್ಡ ಸಾಲ ಇರಲಿಲ್ಲ. ಆ ಸಾಲದ ಕಾರ್ಯಕ್ರಮ ಗುರಿ ಮುಟ್ಟಲಿಲ್ಲ ಎಂದು 2021ರಲ್ಲಿ ಐಎಂಎಫ್‌ನದೇ ವರದಿ ಒಪ್ಪಿಕೊಂಡಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ಮಾತಾಡಲು ಎರಡೇ ನಿಮಿಷ ಇದ್ದರೆ ಶ್ರೀಲಂಕಾ ಸಾಕು, ಕೇಳುವವರಿಗೆ ಬೇಗ ತಿಳಿಯುತ್ತದೆ. ಸಮಯ ಇದ್ದರೆ ನಾನಂತೂ ಅರ್ಜೆಂಟೀನಾವನ್ನೇ ಆರಿಸುತ್ತೇನೆ. ಸಾಲಗಾರನನ್ನು ಬೈಯುವವರು ಬೇಕಾದಷ್ಟು ಜನ ಇದ್ದಾರೆ, ಕೊಟ್ಟವರ ಲೆಕ್ಕ ಕೇಳುವವರು ಕಮ್ಮಿ.