ಪೀಕ್ ಡಿಸ್ಟ್ರಿಕ್ಟಾ, ಲೇಕ್ ಡಿಸ್ಟ್ರಿಕ್ಟಾ? ಸೈಕಲ್ ಏರಿ ಹೊರಟ ಜೋಡಿಗೆ

ಇಂಗ್ಲೆಂಡಿನ ಬೇಸಿಗೆಯಲ್ಲಿ ಗಂಡ ಹೆಂಡತಿ ಸೈಕಲ್ ಮೇಲೆ ಟೆಂಟ್ ಕಟ್ಟಿಕೊಂಡು ಹೊರಡುವುದಾದರೆ ಪೀಕ್ ಡಿಸ್ಟ್ರಿಕ್ಟ್, ಲೇಕ್ ಡಿಸ್ಟ್ರಿಕ್ಟ್ ಎಂಬ ಎರಡು ಗುಡ್ಡಗಾಡು ಪ್ರದೇಶಗಳಲ್ಲಿ ನನ್ನ ಓಟು ಪೀಕ್ ಡಿಸ್ಟ್ರಿಕ್ಟ್‌ಗೆ. ಅಲ್ಲೂ ಗುಡ್ಡಗಳಿವೆ. ಆದರೆ ಹಳೇ ರೈಲು ಹಾದಿಗಳು ಈಗ ಸೈಕಲ್ ದಾರಿಗಳಾಗಿವೆ. ಆ್ಯಶ್‌ಬೋರ್ನ್‌ನಿಂದ ಹೊರಡುವ ಟಿಸಿಂಗ್ಟನ್ ಟ್ರೇಲ್ 21 ಕಿ.ಮೀ. ರೈಲಿಗೆಂದು ಮಾಡಿದ್ದು ಅಲ್ವಾ, ಏರು ನಿಧಾನ. ಮಾತಾಡುತ್ತಲೇ ಪೆಡಲ್ ತುಳಿಯಬಹುದು. ಇಂಥದ್ದೇ ಇನ್ನೊಂದು ದಾರಿ ಮಾನ್ಸಲ್ ಟ್ರೇಲ್‌ನ ಸುರಂಗದೊಳಗೆ ಹೊಕ್ಕರೆ ಬಿಸಿಲಲ್ಲಿ ಬೆವೆತ ಮೈ ಒಮ್ಮೆಲೇ ತಣ್ಣಗಾಗುತ್ತದೆ.

ಲೇಕ್ ಡಿಸ್ಟ್ರಿಕ್ಟ್ ನೋಡಲು ಇನ್ನೂ ಚೆಂದ, ಒಪ್ಪುತ್ತೇನೆ. ಆದರೆ ಅಲ್ಲಿನ ಹಾರ್ಡ್‌ನಾಟ್ ಪಾಸ್ ಎಂಬ ಘಾಟಿ ರಸ್ತೆಯಲ್ಲಿ ಮೂರು ಅಡಿ ಮುಂದೆ ಹೋದರೆ ಒಂದಡಿ ಮೇಲೇರುವಂಥ ಜಾಗಗಳಿವೆ. ಟೆಂಟು, ಸ್ಟೌ ಹೇರಿದ ಸೈಕಲ್ ತಳ್ಳಬೇಕು. ಇಳಿಯುವಾಗ ಬ್ರೇಕ್ ಹಿಡಿದೇ ಕೈ ಸೋಲುತ್ತದೆ. ಮಳೆಯೂ ಜಾಸ್ತಿ. ಇಬ್ಬರಲ್ಲಿ ಒಬ್ಬರಿಗೆ ಅಭ್ಯಾಸ ಕಮ್ಮಿಯಿದ್ದರೂ ಆ ದಾರಿ ಬೇಡ.

ಎರಡೂ ಕಡೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಜಮೀನಿನವರ ಒಪ್ಪಿಗೆ ಬೇಕು. ಜುಲೈ, ಆಗಸ್ಟ್‌ಗೆ ಕ್ಯಾಂಪ್‌ಸೈಟ್ ಮೊದಲೇ ಬುಕ್ ಮಾಡಿಕೊಳ್ಳಿ.